ಮನೆಯ ಗ್ಯಾರೇಜಿಗೊಂದು ವಾಯುಸಂಪೀಡಕ

ಕಳೆದ ಮಳೆಗಾಲದ ಆರಂಭದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಪದವಿ ಮುಗಿದ ಮೇಲೆ ಉದ್ಯೋಗಕ್ಕಾಗಿ ಅಲೆಯುವುದನ್ನು ಬಿಟ್ಟು, ತನ್ನ ಮನೆಯ ಗ್ಯಾರೇಜಿನಲ್ಲಿಯೇ ಸ್ಕೂಟರುಗಳನ್ನು ದುರಸ್ತಿ ಮಾಡಿ ಬಣ್ಣ ಹಾಕುವ ಕೆಲಸವನ್ನು ಅವನು ಕೈಗೊಂಡಿದ್ದನು. ಅದಕ್ಕಾಗಿ ತಾಯಿಯ ಬಳೆಗಳನ್ನು ಒತ್ತೆಯಿಟ್ಟು ಒಂದು ವಾಯುಸಂಪೀಡಕವನ್ನು, ಎಂದರೆ ಪೇಟೆಯವರು ಏರ್ ಕಂಪ್ರೆಸರ್ ಎಂದು ಕರೆಯುವ ಯಂತ್ರವನ್ನು, ಕೊಂಡು ತಂದಿದ್ದನು. ಅಂಗಡಿಯಲ್ಲಿದ್ದವುಗಳ ಪೈಕಿ ಅದರ ತೊಟ್ಟಿಯೇ ಎಲ್ಲಕ್ಕಿಂತ ದೊಡ್ಡದಾಗಿತ್ತಂತೆ. ಅದರ ಮೇಲೆ 2 ಅಶ್ವಶಕ್ತಿ, 50 ಲೀಟರು, ನಿಮಿಷಕ್ಕೆ 224 ಲೀಟರು ಎಂದು ಕೆಂಪಕ್ಷರಗಳಲ್ಲಿ ಮುದ್ರಿಸಿತ್ತು. ಆದರೆ ಸ್ಕೂಟರಿನ ಒಂದು ಪಕ್ಕಕ್ಕೆ ಬಣ್ಣ ಹಾಕಿ ಮುಗಿಸುವಷ್ಟರಲ್ಲಿಯೇ ಬಣ್ಣದ ಗನ್ನು ಉಗ್ಗತೊಡಗುವುದು; ಹನಿಗಳು ದಪ್ಪವಾಗಿ ಬಿದ್ದು ಮೇಲ್ಮೈ ಕಿತ್ತಲೆಯ ಸಿಪ್ಪೆಯಂತಾಗುವುದು. ಯಂತ್ರದಲ್ಲಿ ದೋಷವಿದೆಯೇ ಎಂದು ನೋಡಿ ಹೇಳಬೇಕೆಂದು ಅವನು ಕೇಳಿಕೊಂಡನು.

ಯಂತ್ರದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಅದನ್ನು ಆರಿಸಿದ ಬಗೆಯಲ್ಲಿ. ಈ ಹುಡುಗನಿಗೆ ಬಾಯ್ಲನ ನಿಯಮವನ್ನು ಕಲಿಸಿದವನು ನಾನೇ. ಒತ್ತಡವನ್ನೂ ಗಾತ್ರವನ್ನೂ ಗುಣಿಸಿದರೆ ಬರುವ ಲಬ್ಧವು ಸ್ಥಿರವೆಂದು ಅವನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದನು. ಆ ಸಮೀಕರಣವನ್ನು ಅಂಗಡಿಗೆ ಕೊಂಡೊಯ್ಯಬಹುದೆಂದು ನಾನು ಅವನಿಗೆ ಹೇಳಿರಲಿಲ್ಲ. ಆದುದರಿಂದ ಈ ಲೇಖನ ಸ್ವಲ್ಪಮಟ್ಟಿಗೆ ನನ್ನ ಸಾಲದ ತೀರುವಳಿಯೂ ಹೌದು.

ತೊಟ್ಟಿಯು ಗಾಳಿಯನ್ನು ಉತ್ಪಾದಿಸುವುದಿಲ್ಲ, ಕೂಡಿಡುತ್ತದೆ, ಅಷ್ಟೆ. ಬಾವಿಯಲ್ಲಿ ಒರತೆ ಸಣ್ಣದಾಗಿದ್ದರೆ ಅಂಗಳದಲ್ಲಿ ಎಷ್ಟು ದೊಡ್ಡ ಹಂಡೆಯನ್ನು ಇಟ್ಟರೇನು? ಸಂಪೀಡಕವನ್ನು ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ನನ್ನ ಉಪಕರಣಕ್ಕೆ ಬೇಕಾದ ಒತ್ತಡದಲ್ಲಿ ಈ ಯಂತ್ರವು ನಿಮಿಷವೊಂದಕ್ಕೆ ಎಷ್ಟು ಲೀಟರು ಮುಕ್ತವಾಯುವನ್ನು ಹೊರಕ್ಕೆ ಕೊಡುತ್ತದೆ? ಮುಕ್ತವಾಯುವೆಂದರೆ ನಮ್ಮ ಸುತ್ತಲಿನ ಸಾಮಾನ್ಯ ಒತ್ತಡದ ಗಾಳಿಯ ಲೆಕ್ಕ.

ಹಾಗಾದರೆ 224 ಎಂಬ ಅಂಕಿ ಸುಳ್ಳೇ? ಸುಳ್ಳಲ್ಲ, ಆದರೆ ಅದು ಬೇರೊಂದು ಪ್ರಶ್ನೆಗೆ ಉತ್ತರ. ಆ ಯಂತ್ರದ ಸಿಲಿಂಡರಿನ ವ್ಯಾಸ 5 ಸೆಂಟಿಮೀಟರು, ಪಿಸ್ಟನ್ನು ಚಲಿಸುವ ದೂರ 4 ಸೆಂಟಿಮೀಟರು. ಒಂದು ಸಲಕ್ಕೆ ಅದು ಗುಡಿಸುವ ಗಾತ್ರ 78.5 ಘನ ಸೆಂಟಿಮೀಟರು. ಮೋಟಾರು ನಿಮಿಷಕ್ಕೆ 2850 ಸುತ್ತು ಸುತ್ತುತ್ತದೆ. ಗುಣಿಸಿ ನೋಡಿದರೆ ಸುಮಾರು 224 ಲೀಟರೇ ಬರುತ್ತದೆ. ಇದು ಜ್ಯಾಮಿತಿಯ ಲೆಕ್ಕವೇ ಹೊರತು ಗಾಳಿಯ ಲೆಕ್ಕವಲ್ಲ. ಪಿಸ್ಟನ್ನು ಮೇಲ್ತುದಿಗೆ ಬಂದಾಗಲೂ ಕವಾಟಗಳ ಕೆಳಗೆ ಸ್ವಲ್ಪ ಜಾಗ ಉಳಿಯುವುದು. ಅಲ್ಲಿ ಸಿಕ್ಕಿಕೊಂಡ ಒತ್ತಿದ ಗಾಳಿಯು ಪಿಸ್ಟನ್ನು ಕೆಳಗಿಳಿಯುವಾಗ ಹಿಗ್ಗಿ, ಹೊಸ ಗಾಳಿಗೆ ಸಲ್ಲಬೇಕಾದ ಸ್ಥಳವನ್ನು ಆಕ್ರಮಿಸುವುದು. ಈ ಜಾಗವು ಗುಡಿಸುವ ಗಾತ್ರದ ನೂರಕ್ಕೆ 5 ಪಾಲಷ್ಟೇ ಇದ್ದರೂ, 7 ಬಾರ್ ಒತ್ತಡದಲ್ಲಿ ನೂರಕ್ಕೆ 20 ಪಾಲಿನಷ್ಟು ಗಾಳಿ ಒಳಕ್ಕೇ ಬಾರದು. ಬಂದ ಗಾಳಿಯು ಬಿಸಿಯಾದ ಲೋಹವನ್ನು ತಾಗಿ ಹಿಗ್ಗುವುದೂ ಉಂಟು, ಉಂಗುರಗಳ ಸಂದಿಯಿಂದ ಸೋರುವುದೂ ಉಂಟು.

ನಿಜವಾದ ಅಂಕಿಯನ್ನು ತಿಳಿಯಲು ಪ್ರಯೋಗಶಾಲೆ ಬೇಡ, ಕೈಗಡಿಯಾರ ಸಾಕು. ನಾವು ಹೊರದಾರಿಯನ್ನು ಮುಚ್ಚಿ ಯಂತ್ರವನ್ನು ನಡೆಸಿ, ಒತ್ತಡಮಾಪಕದ ಮುಳ್ಳು 5 ಬಾರಿನಿಂದ 7 ಬಾರಿಗೆ ಏರಲು ಹಿಡಿಯುವ ಕಾಲವನ್ನು ನೋಡಿದೆವು: 55 ಸೆಕೆಂಡು. 50 ಲೀಟರಿನ ತೊಟ್ಟಿಯಲ್ಲಿ ಒತ್ತಡವು 2 ಬಾರ್ ಏರಬೇಕಾದರೆ ಅದರೊಳಕ್ಕೆ ಸುಮಾರು 100 ಲೀಟರು ಮುಕ್ತವಾಯು ಹೋಗಿರಬೇಕು. ಅಂದರೆ ನಿಮಿಷಕ್ಕೆ 110 ಲೀಟರು ಮಾತ್ರ, ಕೆಂಪಕ್ಷರದ ಅಂಕಿಯ ಅರ್ಧಕ್ಕೂ ಕಡಿಮೆ. ತೊಟ್ಟಿಯ ಗಾಳಿ ಬಿಸಿಯಾಗಿದ್ದುದರಿಂದ ನಿಜವು ಇದಕ್ಕಿಂತ ತುಸು ಕಡಿಮೆಯೇ ಇದ್ದೀತು. ಯಾವ ಅಂಗಡಿಯವನಾದರೂ ಈ ಪ್ರಯೋಗಕ್ಕೆ ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗುವುದು ಲೇಸು.

ಅವನ ಗನ್ನಿಗೆ ಬೇಕಾದುದು 3 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 200 ಲೀಟರು. ಬರುವುದು 110, ಕೊರತೆ 90. ತೊಟ್ಟಿಯ ಒತ್ತಡವು 8 ಬಾರಿನಿಂದ 4 ಬಾರಿಗೆ ಇಳಿಯುವ ತನಕ ಅದು 200 ಲೀಟರನ್ನು ಕೊಟ್ಟು ಈ ಕೊರತೆಯನ್ನು ತುಂಬುವುದು. ಹಾಗೆ ತುಂಬಬಲ್ಲ ಕಾಲ ಎರಡು ನಿಮಿಷಕ್ಕಿಂತ ತುಸು ಹೆಚ್ಚು. ಗನ್ನು ಉಗ್ಗತೊಡಗುತ್ತಿದ್ದುದು ಸರಿಯಾಗಿ ಆಗಲೇ. 100 ಲೀಟರಿನ ತೊಟ್ಟಿಯನ್ನು ಕೊಂಡಿದ್ದರೆ ಅದೇ ಸಂಕಟವು ನಾಲ್ಕೂವರೆ ನಿಮಿಷಕ್ಕೆ ಬರುತ್ತಿತ್ತು. ತೊಟ್ಟಿಯು ಮತ್ತೆ ತುಂಬುವವರೆಗೆ ಅವನೇನೋ ಕಾಯಬಹುದು. ಮೋಟಾರಿಗೆ ಮಾತ್ರ ಬಿಡುವೆಂಬುದೇ ಇಲ್ಲ. ಇಂತಹ ಸಣ್ಣ ಯಂತ್ರಗಳಲ್ಲಿ ಹಲವು ಅರ್ಧಕಾಲ ದುಡಿದು ಅರ್ಧಕಾಲ ತಣಿಯಲೆಂದು ರಚಿತವಾದವು. 27 ಡಿಗ್ರಿಯ ಗಾಳಿಯನ್ನು ಶಾಖ ಹೊರಹೋಗದಂತೆ ಎಂಟನೆಯ ಒಂದು ಪಾಲಿನ ಒತ್ತಡದಿಂದ ಪೂರ್ಣ ಒತ್ತಡಕ್ಕೆ, ಅಂದರೆ ಎಂಟು ಪಟ್ಟಿಗೆ, ಏರಿಸಿದರೆ ಅದರ ಉಷ್ಣತೆ ಸುಮಾರು 270 ಡಿಗ್ರಿ ಸೆಲ್ಸಿಯಸ್ ಆಗಬೇಕೆಂದು ಗಣಿತವು ಹೇಳುತ್ತದೆ. ಸಿಲಿಂಡರಿನ ಮೈಮೇಲಿರುವ ಲೋಹದ ರೆಕ್ಕೆಗಳು ಅಲಂಕಾರಕ್ಕಲ್ಲ.

ಅಶ್ವಶಕ್ತಿಯ ಮಾತನ್ನೂ ಪರೀಕ್ಷಿಸದೆ ನಂಬಬಾರದು. ಶಾಖವನ್ನು ಹೊರಬಿಡದೆ 7 ಬಾರ್ ಮಾಪಕ ಒತ್ತಡಕ್ಕೆ ಗಾಳಿಯನ್ನು ಒತ್ತುವ ಆದರ್ಶ ಯಂತ್ರವೂ ಒಂದು ಅಶ್ವಶಕ್ತಿಯಿಂದ ನಿಮಿಷಕ್ಕೆ ಸುಮಾರು 155 ಲೀಟರಿಗಿಂತ ಹೆಚ್ಚು ಕೊಡಲಾರದು. ಒಳ್ಳೆಯ ಯಂತ್ರಗಳು ನಿಜವಾಗಿ ಕೊಡುವುದು 85ರಿಂದ 110 ಲೀಟರು. ಇದನ್ನು ಮೀರಿದ ಮಾತನ್ನು ಆಡುವವನು ಗುಡಿಸಿದ ಗಾತ್ರವನ್ನು ಹೇಳುತ್ತಿದ್ದಾನೆಂದು ತಿಳಿಯಿರಿ. ಇನ್ನೊಂದು ಸುಲಭದ ಪರೀಕ್ಷೆ ಪ್ಲಗ್ಗಿನಲ್ಲಿದೆ. 230 ವೋಲ್ಟಿನಲ್ಲಿ 6 ಆಂಪಿಯರಿನ ಪ್ಲಗ್ಗು ಹೆಚ್ಚೆಂದರೆ 1380 ವಾಟನ್ನು ಒಯ್ಯುತ್ತದೆ. ಅದು ನಷ್ಟವೇ ಇಲ್ಲದಿದ್ದರೂ 1.85 ಅಶ್ವಶಕ್ತಿ. ಅಂತಹ ಪ್ಲಗ್ಗಿರುವ ಯಂತ್ರದ ಮೇಲೆ 3 ಅಶ್ವಶಕ್ತಿ ಎಂದು ಬರೆದಿದ್ದರೆ ಆ ಕುದುರೆಗಳು ಕಾಗದದ ಕುದುರೆಗಳು.

ಸಂಪೀಡಕಗಳು ಕೊಡುವ ಗಾಳಿಯನ್ನು ಅಳೆಯಲು ಐ.ಎಸ್.ಒ. 1217 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಕಾರ್ಖಾನೆಗಳಿಗೆ ಮಾರುವ ದೊಡ್ಡ ಯಂತ್ರಗಳನ್ನು ಅದಕ್ಕನುಸಾರವಾಗಿ ಪರೀಕ್ಷಿಸುತ್ತಾರೆ. ಮನೆಗೆ ಮಾರುವ ಯಂತ್ರದ ಮೇಲೆಯೂ ಇಂತಿಷ್ಟು ಒತ್ತಡದಲ್ಲಿ ಇಂತಿಷ್ಟು ಗಾಳಿ ಎಂದು ದೊಡ್ಡ ಅಕ್ಷರಗಳಲ್ಲಿ ಏಕೆ ಮುದ್ರಿಸಬಾರದು? ಇಂಜಿನಿಯರುಗಳನ್ನು ನೇಮಿಸಿಕೊಂಡ ಕಾರ್ಖಾನೆಗೆ ಸಿಗುವ ಸತ್ಯವು ಬಳೆ ಒತ್ತೆಯಿಟ್ಟವನಿಗೆ ಸಿಗದಿರುವುದು ನ್ಯಾಯವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಎಲ್ಲ ಮನೆಗಳಿಗೂ ಸಂಪೀಡಕ ಬೇಕೇ? ಬೇಡ. ಸಣ್ಣ ಕಾರಿನ ಟೈರಿನ ಒಳಗಾತ್ರ ಸುಮಾರು 25 ಲೀಟರು. ಅದರ ಒತ್ತಡವನ್ನು 25 ಪಿ.ಎಸ್.ಐ.ಯಿಂದ 32ಕ್ಕೆ ಏರಿಸಲು ಬೇಕಾದುದು 12 ಲೀಟರು ಮುಕ್ತವಾಯು. ಕಾರಿನ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಅಂಗೈಯಗಲದ ಪಂಪು ಇದನ್ನು ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ಮರವನ್ನೋ ತಗಡನ್ನೋ ಉಜ್ಜಲು ಗಾಳಿಯ ಉಪಕರಣವನ್ನು ಕೊಳ್ಳುವುದಂತೂ ಮನೆಯಲ್ಲಿ ದುಂದುವೆಚ್ಚ. ಅದು ನಿಮಿಷಕ್ಕೆ 300 ಲೀಟರನ್ನು ಬಿಡುವಿಲ್ಲದೆ ನುಂಗುವುದು; ಅದಕ್ಕೆ 3 ಅಶ್ವಶಕ್ತಿಯ ಸಂಪೀಡಕ ಬೇಕು. ಅದೇ ಕೆಲಸವನ್ನು 300 ವಾಟಿನ ವಿದ್ಯುತ್ ಉಪಕರಣವು ಮಾಡೀತು. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆಯುವ ಬೈರಿಗೆಗಳನ್ನು ಗಾಳಿಯಿಂದ ನಡೆಸುತ್ತಿದ್ದರಲ್ಲವೇ ಎಂದು ಕೇಳಬಹುದು. ಅಲ್ಲಿ ತೇವವಿತ್ತು. ಹೊರಬಿದ್ದ ಗಾಳಿಯು ಪಾತಾಳದಲ್ಲಿ ದುಡಿಯುವವರಿಗೆ ಉಸಿರೂ ಆಗುತ್ತಿತ್ತು. ಗ್ಯಾರೇಜಿನಲ್ಲಿ ಕಿಟಕಿಯಿದೆ.

ಕೊಂಡ ಮೇಲೆ ತೊಟ್ಟಿಯ ವಿಷಯದಲ್ಲಿ ಎಚ್ಚರ ಬೇಕು. ಮಳೆಗಾಲದ ಮಂಗಳೂರಿನಲ್ಲಿ ಒಂದು ಘನ ಮೀಟರು ಗಾಳಿಯಲ್ಲಿ 20 ಗ್ರಾಮಿಗೂ ಹೆಚ್ಚು ನೀರಿನ ಆವಿ ಇರಬಹುದು. ಆ ಗಾಳಿಯನ್ನು ಎಂಟನೆಯ ಒಂದು ಪಾಲಿಗೆ ಒತ್ತಿ ತಣಿಸಿದರೆ 4 ಗ್ರಾಮಿಗಿಂತ ಹೆಚ್ಚು ಆವಿಯನ್ನು ಅದು ಹಿಡಿದಿಡಲಾರದು. ಮಿಕ್ಕದ್ದು ನೀರಾಗಿ ತೊಟ್ಟಿಯ ತಳಕ್ಕೆ ಇಳಿದು ಒಳಗಿನಿಂದ ತುಕ್ಕು ಹಿಡಿಸುವುದು. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ತಗಡು ತೆಳುವಾಗಿರಬಹುದು. ಈ ಕಾರಣಕ್ಕಾಗಿಯೇ, ಎಷ್ಟು ಅಗ್ಗವಾದರೂ, ಬಳಸಿದ ಹಳೆಯ ತೊಟ್ಟಿಯನ್ನು ಕೊಳ್ಳಬೇಡಿರೆಂದು ಹೇಳುತ್ತೇನೆ. 8 ಬಾರ್ ಮಾಪಕ ಒತ್ತಡದ 50 ಲೀಟರು ಗಾಳಿಯು ಒಮ್ಮೆಲೇ ಬಿಡುಗಡೆಯಾದರೆ ಸುಮಾರು 33,000 ಜೂಲ್ ಶಕ್ತಿಯನ್ನು ಹೊರಚೆಲ್ಲುವುದು. ಒಂದು ಟನ್ ತೂಕದ ಕಾರನ್ನು 3 ಮೀಟರಿಗೂ ಮೇಲಕ್ಕೆ ಎತ್ತಬಲ್ಲ ಶಕ್ತಿ ಅದು. ಅದೇ ತೊಟ್ಟಿಯಲ್ಲಿ ಅದೇ ಒತ್ತಡದ ನೀರನ್ನು ತುಂಬಿದರೆ, ನೀರಿನಲ್ಲಿ ಅಡಗುವ ಶಕ್ತಿ 10 ಜೂಲ್ ಕೂಡ ಆಗದು, ಏಕೆಂದರೆ ನೀರು ಕುಗ್ಗುವುದೇ ಇಲ್ಲವೆನ್ನುವಷ್ಟು ಕಡಿಮೆ ಕುಗ್ಗುತ್ತದೆ. ತೊಟ್ಟಿಗಳ ಬಲವನ್ನು ಗಾಳಿಯಿಂದಲ್ಲ, ನೀರಿನಿಂದ ಪರೀಕ್ಷಿಸುವುದು ಇದಕ್ಕಾಗಿಯೇ. ತುಕ್ಕಿನ ತೂತಿಗೆ ಬೆಸುಗೆ ಹಾಕಿಸುವ, ಗಾಳಿ ಹರಿಯಲು ನೀರಿನ ಪಿ.ವಿ.ಸಿ. ಕೊಳವೆಗಳನ್ನು ಜೋಡಿಸುವ ಜಾಣತನ ಬೇಡವೇ ಬೇಡ. ಆ ಕೊಳವೆ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

ನನ್ನ ವಿದ್ಯಾರ್ಥಿಯು ಯಂತ್ರವನ್ನು ಹಿಂದಿರುಗಿಸಲು ಹೋದನು; ಅಂಗಡಿಯವನು ಒಪ್ಪಲಿಲ್ಲ. ಕೊನೆಗೆ ನಿಮಿಷಕ್ಕೆ 100 ಲೀಟರಿನೊಳಗೆ ಸಾಗುವ ಸಣ್ಣ ಮೂತಿಯ ಗನ್ನೊಂದನ್ನು ಕೊಂಡು, ಒಂದೊಂದು ಭಾಗವನ್ನಾಗಿ ಬಣ್ಣ ಹಾಕುತ್ತಿದ್ದಾನೆ. ಕೆಲಸ ನಿಧಾನ, ಆದರೆ ಮೇಲ್ಮೈ ನುಣುಪಾಗಿದೆ. ತೊಟ್ಟಿಯ ತಳದ ಬಿರಡೆಯನ್ನು ಪ್ರತಿ ಸಂಜೆ ಬಿಚ್ಚಿ ನೀರು ಹೊರಬಿಡುತ್ತಾನೆ. ಬಳೆಗಳು ಇನ್ನೂ ಒತ್ತೆಯಲ್ಲಿಯೇ ಇವೆ.