ಗೆದ್ದವರಿಲ್ಲದ ಪಂದ್ಯಕ್ಕೂ ತೀರ್ಪು ಬೇಕು

ಯಾವ ಅನಾಹುತವೂ ನಡೆಯದ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಕುಸ್ತಿ ಸಮಿತಿಗಳು, ಗರಡಿಯ ಉಸ್ತಾದರು, ಅನುಮತಿ ಕೊಡುವ ತಹಶೀಲ್ದಾರರು, ಬಂದೋಬಸ್ತಿಗೆ ಬರುವ ಪೊಲೀಸರು ಒಂದು ಪ್ರಶ್ನೆಗೆ ಈಗಲೇ ಉತ್ತರ ಬರೆದಿಟ್ಟುಕೊಳ್ಳಬೇಕು. ಕಾಳಗ ನಿಂತಿದೆ, ಗೆದ್ದವರು ಯಾರೂ ಇಲ್ಲ. ಆಗ ತೀರ್ಪು ಏನು, ಅದನ್ನು ಹೇಳುವವರು ಯಾರು?

ಸೋಲು ಗೆಲುವು ಕಣ್ಣಿಗೆ ಕಂಡಾಗ ಗಲಾಟೆ ಕಡಿಮೆ. ಬೆನ್ನು ಮಣ್ಣಿಗೆ ತಾಗಿತು ಎಂದರೆ ಚಿತ್, ಮಾತು ಮುಗಿಯಿತು. ಯಾರೂ ಗೆಲ್ಲದೆ ಹೋದಾಗ ಅಖಾಡದ ಸುತ್ತ ಕೂಗು ಏಳುತ್ತದೆ. ‘ಇನ್ನೊಂದು ಸಲ ಬಿಡಿ’, ‘ಫಲಿತಾಂಶ ಬರೋವರೆಗೂ ಆಡ್ಸಿ’ ಎಂಬ ಒತ್ತಡ ರೆಫರಿಯ ಮೇಲೆ ಬೀಳುತ್ತದೆ. ದಣಿದು ಕಾಲು ನಿಲ್ಲದ ಇಬ್ಬರನ್ನು ಮತ್ತೆ ಎದುರುಬದುರು ನಿಲ್ಲಿಸುವುದು ಆ ಕೂಗೇ. ತಲೆಗೆ ಪೆಟ್ಟು ಬೀಳುವ ಆಟದಲ್ಲಿ ಹಾಗೆ ಸೇರಿಸಿದ ಕೆಲವು ನಿಮಿಷ ಪ್ರಾಣಕ್ಕೆ ಎರವಾಗಬಹುದು.

ಮಟ್ಟಿ ಕುಸ್ತಿಯಲ್ಲಿ ಗುದ್ದಿಲ್ಲ, ಒದೆಯಿಲ್ಲ. ಹಾಗಾಗಿ ಬಾಯಿಮಾತಿನ ಕಟ್ಟಳೆಯಲ್ಲೇ ಹೇಗೋ ನಡೆದುಕೊಂಡು ಬಂದಿದೆ. ಈಗ ಗರಡಿಯ ಕೆಮ್ಮಣ್ಣಿನಲ್ಲಿ ಬೆಳೆದ ಹುಡುಗರ ಕೈಯಲ್ಲೂ ಮೊಬೈಲ್ ಇದೆ. ಬಲೆ ಕಟ್ಟಿದ ಎಂಟು ಮೂಲೆಯ ಕಣದೊಳಗೆ ಗುದ್ದು, ಒದೆ, ಕುಸ್ತಿ, ಕತ್ತು ಹಿಸುಕುವ ಪಟ್ಟು ಎಲ್ಲವೂ ಕೂಡಿದ ಎಂಎಂಎ ಅದರಲ್ಲಿ ಬರುತ್ತದೆ. 2024ರ ಜೂನ್‌ನಲ್ಲಿ ಪೂಜಾ ತೋಮರ್, ಎಂಎಂಎಯ ಹೆಸರಾಂತ ಪಂದ್ಯಾವಳಿಯಾದ ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯರಾದರು. 2026ರ ಐಚಿ-ನಗೋಯಾ ಏಷ್ಯನ್ ಗೇಮ್ಸ್ ಪಟ್ಟಿಗೂ ಎಂಎಂಎ ಸೇರಿತು. ಈ ಆಸೆಯನ್ನು ತಡೆಯಿರಿ ಎಂದು ನಾವು ಹೇಳುವುದಿಲ್ಲ, ತಡೆದರೂ ಅದು ನಿಲ್ಲುವುದಿಲ್ಲ. ಜಾತ್ರೆಯ ಪೆಂಡಾಲಿಗೆ, ಸಂತೆ ಮೈದಾನಕ್ಕೆ ಆ ಆಟ ಕಾಲಿಡುವ ಮುಂಚೆ ನಿಯಮ ಕಾಲಿಡಬೇಕು.

ಇದು ಇಲ್ಲದ ಭಯವಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯ ಮಟ್ಟದ ಕೆ-1 ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ಯುವಕನೊಬ್ಬ ಮುಖಕ್ಕೆ ಬಿದ್ದ ಪೆಟ್ಟಿಗೆ ರಿಂಗ್‌ನಲ್ಲೇ ಕುಸಿದ. ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ದೂರಿದರು, ಸಂಘಟಕರ ಮೇಲೆ ಪ್ರಕರಣ ದಾಖಲಾಯಿತು. ರಾಜಧಾನಿಯ ನಡುವೆ ನಡೆದದ್ದು ಇದು. ಪಿರಿಯಾಪಟ್ಟಣದಿಂದ ಮೈಸೂರಿನ ದೊಡ್ಡ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರ್ ದಾರಿ. ಎಚ್.ಡಿ. ಕೋಟೆ, ಹುಣಸೂರುಗಳಿಂದಲೂ 45-50 ಕಿಲೋಮೀಟರ್ ಇದೆ. ಸರಗೂರಿನಾಚೆ, ಕಬಿನಿ ಹಿನ್ನೀರಿನ ಅಂಚಿನ ಹಳ್ಳಿಗಳ ಮಾತು ಬೇರೆಯೇ. ತಲೆಯೊಳಗೆ ರಕ್ತ ಸೋರಿದವನಿಗೆ ಈ ದಾರಿ ಎಷ್ಟು ಉದ್ದ ಎಂಬುದನ್ನು ವೈದ್ಯರೇ ಹೇಳಬೇಕಿಲ್ಲ.

ನಮ್ಮ ಕುಸ್ತಿಗೆ ಸಮ ಎಂಬ ತೀರ್ಪು ಹೊಸದೇನೂ ಅಲ್ಲ. ಹುಣಸೂರಿನ ಪ್ರತಿನಿಧಿಯಾಗಿ ವಿಧಾನಸೌಧಕ್ಕೆ ಹೋಗಿ ಮುಖ್ಯಮಂತ್ರಿಯಾದ ದೇವರಾಜ ಅರಸರ ಹೆಸರಿನ ಕ್ರೀಡಾಂಗಣ ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿದೆ. ದಸರಾ ಕುಸ್ತಿ ನಡೆಯುವುದು ಅಲ್ಲೇ. ಜೋಡಿ ಕಟ್ಟುವ ದಿನ ಮೈಕಟ್ಟು, ವಯಸ್ಸು, ಅನುಭವ ನೋಡಿ ಪೈಲ್ವಾನರನ್ನು ಹೊಂದಿಸುತ್ತಾರೆ. ಇಷ್ಟು ನಿಮಿಷದ ಕುಸ್ತಿ ಎಂದು ನಿಗದಿಯಾದರೆ, ಆ ಹೊತ್ತಿನೊಳಗೆ ಯಾರೂ ಚಿತ್ ಆಗದಿದ್ದರೆ, ಜೋಡಿ ಸಮ. ಇದರ ಪಕ್ಕದಲ್ಲೇ ಮಾರ್ಫಿಟ್ ಕುಸ್ತಿ ಎಂಬುದೂ ಇದೆ. ಅದಕ್ಕೆ ಹೊತ್ತಿನ ಲೆಕ್ಕವಿಲ್ಲ, ಒಬ್ಬ ಬೀಳುವವರೆಗೂ ನಡೆಯುತ್ತದೆ. ಜನಕ್ಕೆ ಅಚ್ಚುಮೆಚ್ಚು ಅದೇ. ಮಣ್ಣಿನ ಮೇಲೆ, ಹಿಡಿತ ಪಟ್ಟುಗಳ ಆಟದಲ್ಲಿ ಅದಕ್ಕೊಂದು ಗಾಂಭೀರ್ಯವೂ ಇದೆ. ಅದೇ ಮನಸ್ಸನ್ನು ಗುದ್ದು ಒದೆಗಳ ಕಣಕ್ಕೆ ಒಯ್ದರೆ ಮಾತ್ರ ಅದು ಕೊಲೆಗೆ ದಾರಿ. ನಮ್ಮ ಮುಖ್ಯ ಆತಂಕ ಇದು: ಮಾರ್ಫಿಟ್‌ನ ರುಚಿ ಹತ್ತಿದ ಜನ, ಎಂಎಂಎಯ ಪೆಟ್ಟು, ನಡುವೆ ಬರಹದ ನಿಯಮವಿಲ್ಲದ ಒಬ್ಬ ಒಂಟಿ ರೆಫರಿ.

ಸಮ ಎನ್ನುವುದೂ ಅಷ್ಟು ಸುಲಭದ ತೀರ್ಪಲ್ಲ. 1910ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನ್ ಪೋಲೆಂಡಿನ ಜ್ಬಿಸ್ಕೊ ಜೊತೆ ಸೆಣಸಿದರು. ಜ್ಬಿಸ್ಕೊ ಹೊಟ್ಟೆ ಅಡಿಯಾಗಿ ಚಾಪೆಗೆ ಅಂಟಿಕೊಂಡುಬಿಟ್ಟ. ಎರಡೂವರೆ ಗಂಟೆಗೂ ಹೆಚ್ಚು ಎಳೆದರೂ ಇತ್ಯರ್ಥವಾಗಲಿಲ್ಲ. ವಾರದ ಬಳಿಕ ಮತ್ತೆ ಸೆಣಸಬೇಕೆಂದು ನಿಶ್ಚಯವಾಯಿತು. ಆ ದಿನ ಜ್ಬಿಸ್ಕೊ ಬರಲೇ ಇಲ್ಲ, ಗಾಮಾ ಗೆದ್ದರೆಂದು ಸಾರಿದರು. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಕೆಡವಿದರು. ಸೋಲು ತಪ್ಪಿಸಿಕೊಳ್ಳಲು ಮಲಗಿದವನಿಗೂ, ಗೆಲ್ಲಲು ಬೆವರು ಸುರಿಸಿದವನಿಗೂ ಒಂದೇ ತೀರ್ಪು ಕೊಟ್ಟರೆ ಜನ ಸಿಟ್ಟಾಗುವುದು ಸಹಜ. ಇದಕ್ಕೆ ಮದ್ದಾಗಿ ಇಂದಿನ ಪಾಯಿಂಟ್ ಕುಸ್ತಿ ಸಮವನ್ನೇ ತೆಗೆದುಹಾಕಿದೆ. ಅಂಕ ಸಮವಾದರೆ ದೊಡ್ಡ ಅಂಕದ ಪಟ್ಟು ಹಾಕಿದವನು ಯಾರು, ಎಚ್ಚರಿಕೆ ಕಡಿಮೆ ಪಡೆದವನು ಯಾರು, ಕೊನೆಯ ಅಂಕ ಗಳಿಸಿದವನು ಯಾರು ಎಂದು ನೋಡಿ ಒಬ್ಬನ ಕೈ ಎತ್ತುತ್ತಾರೆ. ಸುಮ್ಮನೆ ತಪ್ಪಿಸಿಕೊಳ್ಳುವವನಿಗೆ ರೆಫರಿ ಎಚ್ಚರಿಕೆ ಕೊಡುತ್ತಾನೆ, ಅದರಿಂದಲೂ ಎದುರಾಳಿಗೆ ಅಂಕ ಹೋಗಬಹುದು.

ಎಂಎಂಎ ಈ ಪಾಠ ಕಲಿತದ್ದು ಪೆಟ್ಟು ತಿಂದೇ. 1995ರ ಏಪ್ರಿಲ್‌ನಲ್ಲಿ ಯುಎಫ್‌ಸಿಯಲ್ಲಿ ರಾಯ್ಸ್ ಗ್ರೇಸಿ ಮತ್ತು ಕೆನ್ ಶ್ಯಾಮ್‌ರಾಕ್ 36 ನಿಮಿಷ ಹೊರಳಾಡಿದರು. ಅಂಕ ಹಾಕುವ ಜಡ್ಜ್‌ಗಳೇ ಇರದ ಕಾಲ. ಡ್ರಾ ಎನ್ನದೆ ಬೇರೆ ದಾರಿ ಇರಲಿಲ್ಲ. ಆಮೇಲೆ ಜಡ್ಜ್‌ಗಳು ಬಂದರು, ಸುತ್ತುಗಳು ಬಂದವು, ನ್ಯೂಜೆರ್ಸಿಯ ಕ್ರೀಡಾ ನಿಯಂತ್ರಣ ಮಂಡಳಿಯ ಮುಂದಾಳತ್ವದಲ್ಲಿ 2000-01ರ ಹೊತ್ತಿಗೆ ಏಕರೂಪ ನಿಯಮಾವಳಿ ಬಂತು. ಇವತ್ತು ಗೆದ್ದವರಿಲ್ಲದ ಪಂದ್ಯಕ್ಕೆ ಅದರಲ್ಲಿ ಒಂದೇ ತೀರ್ಪಿಲ್ಲ, ಹಲವು ಬಗೆ ಇದೆ. ಕಾರಣ ಯಾವುದು ಎಂದು ಮೊದಲು ಕೇಳುತ್ತಾರೆ, ತೀರ್ಪು ಆಮೇಲೆ.

ಪೂರ್ತಿ ಸುತ್ತುಗಳು ಮುಗಿದು ಮೂವರು ಜಡ್ಜ್‌ಗಳ ಲೆಕ್ಕದಲ್ಲಿ ಯಾರಿಗೂ ಬಹುಮತ ಸಿಗದಿದ್ದರೆ ಡ್ರಾ. ಇದು ಸರಳ. ಆದರೂ ಇದರ ಹಿಂದೆ ರೆಫರಿಯ ಒಂದು ನಿರ್ಧಾರ ಅಡಗಿರಬಹುದು. 2020ರ ಡಿಸೆಂಬರ್‌ನಲ್ಲಿ ಯುಎಫ್‌ಸಿ ಪಟ್ಟಕ್ಕಾಗಿ ಫಿಗೆರೆಡೊ ಮತ್ತು ಮೊರೆನೊ ಐದು ಸುತ್ತು ಕಾದಾಡಿದಾಗ, ತೊಡೆಸಂದಿಗೆ ಒದ್ದದ್ದಕ್ಕೆ ರೆಫರಿ ಫಿಗೆರೆಡೊನ ಒಂದು ಅಂಕ ಕಿತ್ತುಕೊಂಡರು. ಇಬ್ಬರು ಜಡ್ಜ್‌ಗಳ ಪಟ್ಟಿ 47-47ಕ್ಕೆ ನಿಂತಿತು, ಪಂದ್ಯ ಡ್ರಾ. ಆ ಒಂದು ಅಂಕ ಹೋಗದಿದ್ದರೆ ಅವನದೇ ಗೆಲುವು. ಯಾರೂ ತಕರಾರು ತೆಗೆದು ಕಣಕ್ಕೆ ನುಗ್ಗಲಿಲ್ಲ, ಏಕೆಂದರೆ ತಪ್ಪಿಗೆ ಅಂಕ ಹೋಗುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿತ್ತು.

ಕಠಿಣವಾದದ್ದು ಮುಂದಿನದು. ಒಬ್ಬನ ತಪ್ಪಿನಿಂದ ಇನ್ನೊಬ್ಬನಿಗೆ ಗಾಯವಾಗಿ ಪಂದ್ಯ ನಿಂತರೆ? ಬೇಕೆಂದೇ ಮಾಡಿದ ತಪ್ಪಾಗಿದ್ದು ಅಲ್ಲೇ ಪಂದ್ಯ ನಿಂತರೆ ತಪ್ಪು ಮಾಡಿದವನು ಅನರ್ಹ. ಆ ಗಾಯದೊಂದಿಗೇ ಆಟ ಮುಂದುವರಿದು, ಆಮೇಲೆ ಅದೇ ಗಾಯದಿಂದ ನಿಲ್ಲಿಸಬೇಕಾಗಿ ಬಂದರೆ, ಗಾಯಾಳು ಅಂಕದಲ್ಲಿ ಮುಂದಿದ್ದರೆ ಅವನಿಗೆ ಗೆಲುವು, ಸಮ ಅಥವಾ ಹಿಂದಿದ್ದರೆ ಟೆಕ್ನಿಕಲ್ ಡ್ರಾ. ತಪ್ಪು ಮಾಡಿದವನು ಮಾತ್ರ ಯಾವ ಲೆಕ್ಕದಲ್ಲೂ ಗೆಲ್ಲಲಾರ. ಗೊತ್ತಿಲ್ಲದೆ ಆದ ತಪ್ಪಾದರೆ ಮೂರು ಸುತ್ತಿನ ಪಂದ್ಯದಲ್ಲಿ ಎರಡು ಸುತ್ತು, ಐದು ಸುತ್ತಿನದರಲ್ಲಿ ಮೂರು ಸುತ್ತು ಮುಗಿದಿವೆಯೇ ಎಂದು ನೋಡುತ್ತಾರೆ. ಮುಗಿದಿದ್ದರೆ ಅಲ್ಲಿಯವರೆಗಿನ ಅಂಕದ ಮೇಲೆ ತೀರ್ಪು. ಮುಗಿದಿರದಿದ್ದರೆ ನೋ ಕಾಂಟೆಸ್ಟ್, ಅಂದರೆ ಆ ಪಂದ್ಯದ ಫಲಿತಾಂಶ ಇಬ್ಬರ ಲೆಕ್ಕಕ್ಕೂ ಸೇರುವುದಿಲ್ಲ.

2025ರ ಅಕ್ಟೋಬರ್ 25ರಂದು ಅಬುಧಾಬಿಯಲ್ಲಿ ಆದದ್ದು ಇದೇ. ಯುಎಫ್‌ಸಿಯ ಹೆವಿವೇಟ್ ಚಾಂಪಿಯನ್ ಟಾಮ್ ಆಸ್ಪಿನಲ್ ಕಣ್ಣಿಗೆ ಮೊದಲ ಸುತ್ತಿನಲ್ಲೇ ಸಿರಿಲ್ ಗಾನ್ ಬೆರಳುಗಳು ಚುಚ್ಚಿದವು. ವೈದ್ಯರು ನೋಡಿದರು, ಕಾಯ್ದರು. ಕಣ್ಣು ಕಾಣುತ್ತಿಲ್ಲ ಎಂದ ಆಸ್ಪಿನಲ್. ನೋ ಕಾಂಟೆಸ್ಟ್ ಎಂದು ಸಾರಿದರು, ಪಟ್ಟ ಅವನ ಬಳಿಯೇ ಉಳಿಯಿತು. ದುಡ್ಡು ಕೊಟ್ಟು ಬಂದ ಜನ ಗಾಯಾಳುವನ್ನೇ ಛೀಗುಟ್ಟಿದರು. ಆ ಕೂಗಿನ ನಡುವೆಯೂ ತೀರ್ಪು ನಿಂತಿತು. ನಿಯಮ ಬರಹದಲ್ಲಿ ಇರದಿದ್ದರೆ, ಕಣ್ಣು ಕಾಣದವನನ್ನು ಮತ್ತೆ ಕಣಕ್ಕೆ ನೂಕುತ್ತಿದ್ದರು. ಚುಂಚನಕಟ್ಟೆಯಲ್ಲೋ ಬೆಟ್ಟದಪುರದಲ್ಲೋ ನಾಳೆ ಇಂಥ ಕಣ ಕಟ್ಟಿದರೆ, ಕಣ್ಣು ಮುಚ್ಚಿಕೊಂಡು ಕುಳಿತ ಹುಡುಗನ ಪರವಾಗಿ ಅಲ್ಲಿ ನಿಲ್ಲುವವರು ಯಾರು?

ತೀರ್ಪು ಆಮೇಲೆ ಬದಲಾಗುವ ಸಂದರ್ಭವೂ ಇದೆ. 2017ರ ಜುಲೈನಲ್ಲಿ ಯುಎಫ್‌ಸಿ ಪಟ್ಟದ ಪಂದ್ಯದಲ್ಲಿ ಜಾನ್ ಜೋನ್ಸ್, ಡೇನಿಯಲ್ ಕಾರ್ಮಿಯರ್‌ನನ್ನು ಕೆಡವಿದ. ಉದ್ದೀಪನ ಮದ್ದು ಪತ್ತೆಯಾಗಿ ಕ್ಯಾಲಿಫೋರ್ನಿಯಾದ ಕ್ರೀಡಾ ಆಯೋಗ ಅದನ್ನು ನೋ ಕಾಂಟೆಸ್ಟ್ ಎಂದು ತಿದ್ದಿತು, ಪಟ್ಟ ಮರಳಿ ಕಾರ್ಮಿಯರ್‌ಗೆ ಹೋಯಿತು. ಅಮೆರಿಕದ ರಾಜ್ಯಗಳಲ್ಲಿ ಹಾಗೆ ತಿದ್ದುವ ಅಧಿಕಾರವುಳ್ಳ ಆಯೋಗಗಳಿವೆ. ಎಂಎಂಎಗೆ ನಮ್ಮಲ್ಲಿ ಅಂಥ ಶಾಸನಬದ್ಧ ಆಯೋಗವಿಲ್ಲ. ಪಂದ್ಯ ಕಟ್ಟಿದವನೇ ರೆಫರಿಯನ್ನು ಕರೆಸುತ್ತಾನೆ, ಬಹುಮಾನದ ಹಣವೂ ಅವನದೇ. ತೀರ್ಪಿನ ಮೇಲೆ ಮೇಲ್ಮನವಿ ಯಾರಿಗೆ ಸಲ್ಲಿಸಬೇಕು?

ಕಾಳಗವನ್ನು ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಗೊತ್ತುಮಾಡುವ ರೂಢಿ ಮೈಸೂರಿಗೆ ಹೊರಗಿನಿಂದ ಬರಬೇಕಿಲ್ಲ. ವಿಜಯದಶಮಿಯ ಬೆಳಗ್ಗೆ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ಎಂಬ ಮೊನಚು ಆಯುಧ ಧರಿಸಿ ಎದುರಾಗುತ್ತಾರೆ. ತಲೆಯಿಂದ ರಕ್ತ ಚಿಮ್ಮಿದ ಕ್ಷಣ ಕಾಳಗ ಮುಗಿಯಿತು. ಉಸ್ತಾದರು ಪಕ್ಕದಲ್ಲೇ ನಿಂತಿದ್ದು ಇಬ್ಬರನ್ನೂ ಬಿಡಿಸುತ್ತಾರೆ. ಇನ್ನೊಂದು ಏಟು ಹಾಕಲು ಯಾರಿಗೂ ಹಕ್ಕಿಲ್ಲ. ಎಷ್ಟು ಉಗ್ರವಾಗಿ ಕಂಡರೂ ಅದರ ಕೊನೆ ಎಲ್ಲಿ ಎಂಬುದು ಹೊಡೆಯುವವನಿಗೂ, ಹೊಡೆಸಿಕೊಳ್ಳುವವನಿಗೂ, ನೋಡುವವರಿಗೂ ಗೊತ್ತು. ತಲೆಮಾರುಗಳಿಂದ ಅದು ಉಳಿದುಬಂದದ್ದು ಈ ಕಟ್ಟಳೆಯ ಬಲದಿಂದ ಎಂದೇ ನಮ್ಮ ನಂಬಿಕೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಪೈಲ್ವಾನ ಒಬ್ಬನೇ ಅಖಾಡಕ್ಕೆ ಇಳಿಯುವುದಿಲ್ಲ. ಅವನ ಊರು, ಅವನ ಗರಡಿ, ಅವನ ಕೇರಿ ಜೊತೆಗೆ ಇಳಿಯುತ್ತವೆ. ಸಮ ಎಂಬ ತೀರ್ಪು ಎರಡು ಊರುಗಳಿಗೂ ಮರ್ಯಾದೆಯಾಗಿ ಕಾಣಬಹುದು, ಇಬ್ಬರಿಗೂ ಅವಮಾನವಾಗಿಯೂ ಕಾಣಬಹುದು. ಹೇಗೆ ಕಾಣುತ್ತದೆ ಎಂಬುದು ಅದನ್ನು ಮೊದಲೇ ಒಪ್ಪಿಕೊಂಡಿದ್ದರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಹರಾಜು ನಡೆಯುವ ತಿಂಗಳುಗಳಲ್ಲಿ ಕೈಯಲ್ಲಿ ಕಾಸು ಓಡಾಡುತ್ತದೆ. ಬಾಜಿ ಕಟ್ಟಿಸುವವರಿಗೂ ಅದೇ ಸುಗ್ಗಿ. ಬಾಜಿ ಕಟ್ಟಿದವನಿಗೆ ಸಮ ಬೇಡ, ನೋ ಕಾಂಟೆಸ್ಟ್ ಅಂತೂ ಬೇಡವೇ ಬೇಡ. ಕೂಗಿನಲ್ಲಿ ಅವನದೇ ದನಿ ಜೋರು.

ಕಾನೂನನ್ನೂ ನೆನಪಿಸುತ್ತೇವೆ. ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ ಪ್ರಕಾರ, 18 ವರ್ಷ ಮೀರಿದವನು ಒಪ್ಪಿ ಇಳಿದ ಆಟದಲ್ಲಿ ಮೋಸವಿಲ್ಲದೆ ಆದ ಪೆಟ್ಟು ಅಪರಾಧವಲ್ಲ. ಸಾವಿಗೆ, ತೀವ್ರ ಗಾಯಕ್ಕೆ ದಾರಿ ಎಂದು ತಿಳಿದೂ ಮಾಡಿದ್ದಕ್ಕೆ ಆ ರಕ್ಷಣೆ ಇಲ್ಲ. ಪಿಯುಸಿ ಓದುವ ಹುಡುಗನ ಸಹಿ ಹಾಕಿಸಿಕೊಂಡು ಕಣಕ್ಕೆ ಬಿಡುವ ಸಂಘಟಕರು ಈ ಕಲಮನ್ನು ಒಮ್ಮೆ ಓದಲಿ. ನಿರ್ಲಕ್ಷ್ಯದಿಂದ ಸಾವಾದರೆ 106ನೇ ಕಲಂ ಕಾದಿರುತ್ತದೆ.

ನಾವು ಕೇಳುವುದು ದೊಡ್ಡದಲ್ಲ. ಪಂದ್ಯಕ್ಕೆ ಎಷ್ಟು ಹೊತ್ತು, ಆ ಹೊತ್ತು ಮೀರಿದರೆ ಏನು, ಗೊತ್ತಿಲ್ಲದೆ ಗಾಯವಾದರೆ ಏನು, ಬೇಕೆಂದೇ ಮಾಡಿದರೆ ಏನು, ಬಹುಮಾನದ ಹಣ ಯಾರಿಗೆ ಎಷ್ಟು ಎಂಬುದೆಲ್ಲ ಕನ್ನಡದಲ್ಲಿ ಒಂದು ಪುಟಕ್ಕೆ ಹಿಡಿಯುತ್ತದೆ. ಜೋಡಿ ಕಟ್ಟುವ ದಿನವೇ ಅದನ್ನು ಎರಡೂ ಕಡೆಯ ಉಸ್ತಾದರಿಗೆ ಓದಿಹೇಳಿ ಸಹಿ ಹಾಕಿಸಬೇಕು. ಪಂದ್ಯ ಶುರುವಾಗುವ ಮುಂಚೆ ಮೈಕಿನಲ್ಲಿ ಜನಕ್ಕೂ ಓದಬೇಕು. ವೈದ್ಯರು ಬೇಡ ಎಂದರೆ ಪಂದ್ಯ ನಿಲ್ಲಬೇಕು. ವೇದಿಕೆಯ ಮೇಲಿನ ಯಾವ ಗಣ್ಯರೂ ಅದನ್ನು ಮೀರುವಂತಿರಬಾರದು. ತಲೆಗೆ ಪೆಟ್ಟು ಬೀಳುವ ಪಂದ್ಯವಾದರೆ ಆಂಬುಲೆನ್ಸ್ ಮೈದಾನದ ಬಾಗಿಲಲ್ಲಿ ನಿಂತ ಮೇಲೆಯೇ ಮೊದಲ ಜೋಡಿ ಇಳಿಯಬೇಕು. ಅಂಥ ಪಂದ್ಯದಲ್ಲಿ ಮಾರ್ಫಿಟ್ ಎಂಬುದು ಯಾವ ಹೆಸರಿನಲ್ಲೂ ಇರಬಾರದು.

ಮುಂದಿನ ಜಾತ್ರೆಯ ಕರಪತ್ರ ಅಚ್ಚಿಗೆ ಹೋಗುವ ಮುನ್ನ ನಾಲ್ಕೂ ತಾಲ್ಲೂಕುಗಳ ಕುಸ್ತಿ ಸಮಿತಿಗಳು ಒಂದೆಡೆ ಕುಳಿತು ಈ ಪುಟವನ್ನು ಬರೆಯಲಿ. ಅದಿಲ್ಲದೆ ಬಂದ ಅರ್ಜಿಗೆ ತಹಶೀಲ್ದಾರರು ಅನುಮತಿ ಕೊಡಬಾರದು.