ಬೀದಿಗಿಳಿದ ಕ್ಯಾಮೆರಾ

ಕ್ಯಾಮೆರಾ ಕೊಳ್ಳುವುದಕ್ಕೆ ಹಣ ಬೇಕು. ಅದನ್ನು ಹಿಡಿದು ಬೀದಿಯಲ್ಲಿ ನಿಲ್ಲುವುದಕ್ಕೆ ಧೈರ್ಯ ಬೇಕು. ಮೊದಲನೆಯದು ಈಗ ಸುಲಭ; ಜೇಬಿನಲ್ಲಿರುವ ಮೊಬೈಲಿನಲ್ಲಿಯೇ ಕ್ಯಾಮೆರಾ ಉಂಟು. ದುರ್ಲಭವಾದುದು ಎರಡನೆಯದು. ಮಂಡ್ಯದ ಪೇಟೆಯಲ್ಲಿ, ಮದ್ದೂರು ವಡೆ ಬೇಯುವ ಬಾಣಲೆಯ ಮುಂದೆ, ಮಳವಳ್ಳಿಯ ಸಂತೆಯಲ್ಲಿ ಚಿತ್ರಯೋಗ್ಯವಾದ ನೋಟಗಳಿಗೆ ಬರವಿಲ್ಲ. ಆದರೂ ನಮ್ಮ ಎಷ್ಟೋ ತರುಣರ ಕೈ ಜೇಬಿನವರೆಗೆ ಹೋಗಿ ಹಿಂತಿರುಗುತ್ತದೆ. ‘ಜನ ಏನೆಂದುಕೊಂಡಾರು?’ ಎಂಬುದು ಒಂದು ಅಡ್ಡಿ; ‘ಚಿತ್ರ ಚೆನ್ನಾಗಿ ಬರದಿದ್ದರೆ?’ ಎಂಬುದು ಇನ್ನೊಂದು.

ಬೇರೆಬೇರೆಯಾಗಿ ತೋರುವ ಈ ಎರಡು ಭಯಗಳ ಬೇರು ಒಂದೇ. ಸಂಕೋಚಪಡುವವನೂ, ಕಿಂಚಿತ್ತೂ ಕುಂದಿಲ್ಲದ ಚಿತ್ರವೇ ಬೇಕೆಂದು ಹಟ ಹಿಡಿಯುವವನೂ ಎದುರಿಗಿರುವುದನ್ನು ಬಿಟ್ಟು ತಮ್ಮನ್ನೇ ನೋಡಿಕೊಳ್ಳುತ್ತಿರುತ್ತಾರೆ. ಆದುದರಿಂದ ಮದ್ದೂ ಒಂದೇ: ದೃಷ್ಟಿಯನ್ನು ತನ್ನಿಂದ ತೆಗೆದು ಎದುರಿನವರ ಮೇಲೆ ನಿಲ್ಲಿಸುವುದು.

ಸಂಕೋಚವು ಕಲೆಗೆ ಶತ್ರುವೆಂದೂ ಹೇಳಲಾಗದು. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸೋನ್ ತಮ್ಮ ಚಿತ್ರವನ್ನು ಇತರರು ತೆಗೆಯುವುದನ್ನು ಸಹಿಸುತ್ತಿರಲಿಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ತಮ್ಮ ಪುಟ್ಟ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸುತ್ತಿದ್ದರು. ಅಂಥವರೇ ಬೀದಿಯ ಛಾಯಾಗ್ರಹಣಕ್ಕೆ ಗುರುಗಳೆನಿಸಿದರು. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಹೆಸರನ್ನು ಉಳಿಸಿರುವುದು ಸಾಮಾನ್ಯ ಜನರ ನಿತ್ಯಜೀವನದ ಚಿತ್ರಗಳು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಹೊಸಬರು ಎಲ್ಲಿಂದ ತೊಡಗಬೇಕು? ಕೆಲಸದಲ್ಲಿ ಮಗ್ನರಾದವರಿಂದ. ಮಂಡ್ಯದ ಸುತ್ತಿನ ಆಲೆಮನೆಗಳಿಗಿಂತ ಒಳ್ಳೆಯ ಪಾಠಶಾಲೆ ಯಾವುದು? ಗಾಣಕ್ಕೆ ಕಬ್ಬು ಕೊಡುವವನು, ಕೊಪ್ಪರಿಗೆಯ ಹಬೆಯಲ್ಲಿ ಅರೆ ಮರೆಯಾದವನು, ಬೆಲ್ಲವನ್ನು ಅಚ್ಚಿಗೆ ಹೊಯ್ಯುವವನು—ಇವರಿಗೆ ನಿಮ್ಮನ್ನು ದಿಟ್ಟಿಸಲು ಪುರಸತ್ತಿಲ್ಲ. ಮೊದಲು ಸ್ವಲ್ಪ ಹೊತ್ತು ನಿಂತು ಮಾತನಾಡಿ, ಆಮೇಲೆ “ಅಣ್ಣಾ, ಒಂದ್ ಫೋಟೋ ತೆಗೀಲಾ?” ಎಂದು ಕೇಳಿ. “ತಕ್ಕಳಪ್ಪ, ಅದ್ಕೇನಂತೆ” ಎಂದರೆ ನಿಮ್ಮ ಅರ್ಧ ಭಯ ಅಲ್ಲಿಗೇ ಇಳಿಯಿತು. “ಬ್ಯಾಡ” ಎಂದರೆ ನಕ್ಕು, ಕೈಮುಗಿದು ಮುಂದೆ ನಡೆಯಿರಿ. ಅದರಲ್ಲಿ ಅವಮಾನವೇನೂ ಇಲ್ಲ. ಮಕ್ಕಳ ಚಿತ್ರಕ್ಕೆ ಹೆತ್ತವರ ಒಪ್ಪಿಗೆ ಇರಲಿ. ದುಃಖದಲ್ಲಿರುವವರತ್ತ ಕ್ಯಾಮೆರಾ ತಿರುಗಿಸದಿರುವ ಸಂಕೋಚವನ್ನು ಮಾತ್ರ ಎಂದಿಗೂ ಬಿಡಬೇಡಿ.

ಇನ್ನು ಪರಿಪೂರ್ಣತೆಯ ಹಟ. ಅದನ್ನು ಸಡಿಲಿಸಲು ಹಳಬರ ಉಪಾಯವೊಂದುಂಟು. 35 ಮಿಲಿಮೀಟರ್ ಫಿಲ್ಮಿನ ಕ್ಯಾಮೆರಾಕ್ಕೆ ಅಷ್ಟೇ ನಾಭಿದೂರದ ಮಸೂರವಿದ್ದರೆ, ರಂಧ್ರವನ್ನು ಎಫ್ 8ಕ್ಕೂ ದೂರವನ್ನು 3 ಮೀಟರಿಗೂ ನಿಲ್ಲಿಸಿಬಿಡಿ. ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿಯೇ ಮೂಡುತ್ತದೆ. ಸೆಕೆಂಡಿನ 250ರಲ್ಲೊಂದು ಭಾಗದ ವೇಗವಿಟ್ಟರೆ ನಡೆದುಹೋಗುವವರ ಹೆಜ್ಜೆಯೂ ಹಿಡಿತಕ್ಕೆ ಸಿಗುತ್ತದೆ. ಮೊಬೈಲಿನಲ್ಲಾದರೆ ಈ ಲೆಕ್ಕವೂ ಬೇಡ. ಯಂತ್ರದ ಚಿಂತೆ ಕಳೆದರೆ ಉಳಿಯುವುದು ನೋಡುವ ಕೆಲಸ ಮಾತ್ರ.

ಹಿಂದಿನ ಫಿಲ್ಮಿನ ಸುರುಳಿಯಲ್ಲಿ 36 ಚಿತ್ರಗಳಿರುತ್ತಿದ್ದವು. ತೊಳೆಸುವವರೆಗೆ ಒಂದೂ ಕಾಣುತ್ತಿರಲಿಲ್ಲ. ಅದೇ ನಿಯಮವನ್ನು ನೀವೂ ಇಟ್ಟುಕೊಳ್ಳಿ. ಒಂದೇ ಬೀದಿಯಲ್ಲಿ 36 ಚಿತ್ರ ತೆಗೆಯಿರಿ. ಮುಗಿಯುವವರೆಗೆ ಯಾವುದನ್ನೂ ನೋಡಬೇಡಿ, ಅಳಿಸಬೇಡಿ. ವಾರ ಕಳೆದ ಮೇಲೆ ನೋಡಿ, ಒಂದನ್ನು ಆರಿಸಿ. ಮೂವತ್ತೈದು ಕೆಟ್ಟವೆಂದು ಕೊರಗಬೇಕಿಲ್ಲ. ಆ ಒಂದಕ್ಕೆ ದಾರಿ ತೋರಿಸಿದವು ಅವೇ.

ಇಷ್ಟೆಲ್ಲ ಏಕೆಂದು ಕೇಳುವಿರಾ? ಕಬ್ಬು ಹೇರಿದ ಎತ್ತಿನ ಗಾಡಿಯ ಜಾಗಕ್ಕೆ ಟ್ರ್ಯಾಕ್ಟರು ಬಂದಿತು. ಇಂದು ಕಾಣುವ ಅಂಗಡಿ, ಉಡುಗೆ, ಕಸುಬುಗಳೂ ಹೀಗೆಯೇ ಸದ್ದಿಲ್ಲದೆ ಸರಿದುಹೋಗುತ್ತವೆ. ಹೊರಗಿನಿಂದ ಬಂದವರು ಶಿವನಸಮುದ್ರದ ಜಲಪಾತವನ್ನು ಚಿತ್ರಿಸಿಯಾರು. ನಿಮ್ಮ ಬೀದಿಯ ಮೂಲೆಯ ಚಮ್ಮಾರನನ್ನೋ ಹೂವಾಡಗಿತ್ತಿಯನ್ನೋ ಚಿತ್ರಿಸಬೇಕಾದವರು ನೀವೇ. ಅಜ್ಜನ ಚಿತ್ರ ಕೊಂಚ ಮಸುಕಾಗಿದೆಯೆಂದು ಅದನ್ನು ಗೋಡೆಯಿಂದ ಇಳಿಸಿದ ಮನೆಯುಂಟೆ? ಮಸುಕಾದರೂ ಚಿತ್ರವಿದೆಯಲ್ಲ ಎಂದು ಮೊಮ್ಮಕ್ಕಳು ಸಂತೋಷಪಡುತ್ತಾರೆ.