ಘಟ್ಟ ಹತ್ತಿ ಬರುವ ಹಳೆಯ ಐಷಾರಾಮ

ಕೊನೆಕೊಯ್ಲು ಮುಗಿದು ಅಡಿಕೆಯ ಹಣ ಕೈಸೇರುವ ಹೊತ್ತಿಗೆ ಮಲೆನಾಡಿನ ಮನೆಗಳಲ್ಲಿ ವಾಹನದ ಮಾತು ಏಳುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಆ ಮಾತು ಜೀಪನ್ನು ದಾಟಿ ಮುಂದೆ ಹೋಗಿದೆ. ಹೊಸತಿದ್ದಾಗ ಮುಕ್ಕಾಲು ಕೋಟಿಯೋ ಅದಕ್ಕೂ ಮೇಲೋ ಬೆಲೆಬಾಳುತ್ತಿದ್ದ ಆಡಿ, ಮರ್ಸಿಡಿಸ್, ರೇಂಜ್ ರೋವರ್‌ಗಳ ದೈತ್ಯ ವಾಹನಗಳು ಹನ್ನೆರಡು ಹದಿಮೂರು ವರ್ಷ ಓಡಿದ ಮೇಲೆ ಹೊಸ ಸಾಧಾರಣ ಕಾರಿನ ಬೆಲೆಗೆ ದೊರೆಯುವುದುಂಟು. ನಮ್ಮ ಬಳಗದವರೇ ಕೆಲವರು ಕೊಂಡಿದ್ದಾರೆ, ಕೆಲವರು ಕೊಳ್ಳಲೇ ಎಂದು ಕೇಳಿದ್ದಾರೆ. "ಹಳೆಯದನ್ನೇ ಬಳಸಿ ಎಂದು ನೀವೇ ಅಲ್ಲವೆ ಬರೆಯುತ್ತ ಬಂದಿರುವುದು?" ಎಂಬ ಅವರ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ.

ಈ ಅಗ್ಗದ ಬೆಲೆಗೆ ಒಂದು ಕಾರಣ ದೆಹಲಿಯಲ್ಲಿದೆ. ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದ ಅದೇ ನ್ಯಾಯಾಲಯ, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಭಾರತ್ ಸ್ಟೇಜ್ 4 ಮತ್ತು ಅದರ ನಂತರದ ವಾಹನಗಳಿಗಷ್ಟೇ ಸೀಮಿತಗೊಳಿಸಿತು. ಅಲ್ಲಿ ಓಡಲಾಗದ್ದು ನಿರಾಕ್ಷೇಪಣಾ ಪತ್ರ ಹಿಡಿದು ಬೇರೆ ರಾಜ್ಯಗಳಿಗೆ ಹೊರಡುತ್ತದೆ. ದೆಹಲಿಯವರ ಶ್ವಾಸಕೋಶಕ್ಕೆ ಒಗ್ಗದ ಹೊಗೆ ತುಂಗೆಯ ದಂಡೆಯವರಿಗೆ ಒಗ್ಗೀತೆಂದು ಯಾರೂ ಹೇಳಿಲ್ಲ. ಇಲ್ಲಿಗೆ ತಂದ ವಾಹನವನ್ನು ಹನ್ನೆರಡು ತಿಂಗಳಿಗೂ ಮೀರಿ ಇಟ್ಟುಕೊಳ್ಳುವುದಾದರೆ ಮರುನೋಂದಣಿ ಕಡ್ಡಾಯ. ಆಜೀವ ತೆರಿಗೆಯಲ್ಲಿ ವಯಸ್ಸಿಗೆ ತಕ್ಕ ಕಡಿತವಿದ್ದರೂ ಅದರ ಲೆಕ್ಕ ಆರಂಭವಾಗುವುದು ಹೊಸ ವಾಹನದ ಬೆಲೆಯಿಂದ. ಕೊಂಡವರು ಬೆಚ್ಚುವುದು ಇಲ್ಲಿಯೇ.

ಇನ್ನು ಬಾಳಿಕೆಯ ಮಾತು. ನಮ್ಮ ಬಳಗದ ನಿವೃತ್ತ ಅಧ್ಯಾಪಕರೊಬ್ಬರು ಮಗನ ಹೋಂಸ್ಟೇಗೆಂದು ಇಂಥದೊಂದನ್ನು ತರಿಸಿದರು. ಮೊದಲ ಆಷಾಢದಲ್ಲೇ ಒಂದು ಬೆಳಗ್ಗೆ ಅದು ಅಂಗಳದಲ್ಲಿ, ಮುಂಗಾಲು ಮಡಿಸಿದ ಎಮ್ಮೆಯಂತೆ ಒಂದು ಬದಿಗೆ ಕುಸಿದು ಕುಳಿತಿತ್ತು. ಇವುಗಳಲ್ಲಿ ಅನೇಕಕ್ಕೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ವರ್ಷಗಳು ಕಳೆದಂತೆ ರಬ್ಬರ್ ಬಿರಿದು ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಿ ತುಂಬಿ ಕಂಪ್ರೆಸರೂ ಸುಡುತ್ತದೆ. ಪೇಟೆಯ ಗ್ಯಾರೇಜಿನವನು ಬಂದು ನೋಡಿ, "ಮೇಷ್ಟ್ರೇ, ಇದಕ್ಕೆ ನನ್ನ ಸ್ಪ್ಯಾನರು ಸಾಲದು, ಕಂಪ್ಯೂಟರು ಬೇಕು" ಎಂದು ಕೈಮುಗಿದ. ಎರಡೂವರೆ ಟನ್ನಿನ ವಾಹನ ಲಾರಿಯೇರಿ ಘಟ್ಟವಿಳಿದು ಮಂಗಳೂರಿಗೆ ಹೋಯಿತು. ಅಲ್ಲಿ ಇನ್ನೊಂದು ರೋಗ ಪತ್ತೆಯಾಯಿತು: ಚಾವಣಿಯ ಗಾಜುಕಿಂಡಿಯ ನೀರು ಹರಿಯುವ ಕೊಳವೆಗೆ ಎಲೆಕಸ ಕಟ್ಟಿ, ಮಳೆನೀರು ನೆಲಹಾಸಿನಡಿಯ ವಿದ್ಯುನ್ಮಾನ ಪೆಟ್ಟಿಗೆಗೆ ಇಳಿದಿತ್ತು. ಮರದಡಿಯಲ್ಲೇ ಬದುಕುವ ನಮಗೆ ಇದು ನೆನಪಿರಬೇಕಾದ ಸಂಗತಿ. ವೈರು ಕಡಿಯುವ ಇಲಿಗಳ ವಿಷಯ ಹೇಳುವುದೇ ಬೇಡ.

ನಮ್ಮನ್ನು ಹೆಚ್ಚು ಕಾಡುವುದು ಮಸಿಯ ಪ್ರಶ್ನೆ. 2020ರ ಏಪ್ರಿಲ್‌ನಿಂದ ಮಾರಾಟವಾದ ಭಾರತ್ ಸ್ಟೇಜ್ 6ರ ಡೀಸೆಲ್ ಕಾರುಗಳಲ್ಲಿ, ಅದಕ್ಕೂ ಹಿಂದಿನ ಕೆಲವು ದುಬಾರಿ ವಾಹನಗಳಲ್ಲಿಯೂ, ಹೊಗೆಯ ಮಸಿಯನ್ನು ಹಿಡಿಯುವ ಶೋಧಕವಿದೆ. ಹಿಡಿದ ಮಸಿ ಉರಿದುಹೋಗಲು ಶೋಧಕ ಚೆನ್ನಾಗಿ ಕಾಯಬೇಕು. ಅದಕ್ಕೆ ಹೆದ್ದಾರಿಯ ದೀರ್ಘ ಓಟ ಬೇಕು. ತೋಟದಿಂದ ಸೊಸೈಟಿಗೆ, ಸೊಸೈಟಿಯಿಂದ ಶಾಲೆಗೆ ತೆವಳುವ ನಮ್ಮ ಓಡಾಟದಲ್ಲಿ ಅದು ಕಾಯುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ಹೊಸ ಶೋಧಕದ ಬೆಲೆ ಕೇಳಿದವರು ಅದನ್ನು ಕಳಚಿಸಿ, ಕಂಪ್ಯೂಟರಿಗೆ ಸುಳ್ಳು ಹೇಳಿಸುತ್ತಾರೆ. ಆಮೇಲೆ ಮಸಿಯೆಲ್ಲ ಕಣಿವೆಗೆ. ಗಣಿಯ ಧೂಳಿನ ವಿರುದ್ಧ ಮೆರವಣಿಗೆ ಹೊರಡುವ ನಾವು ಇದನ್ನು ಕಾಣದಂತಿರಲಾರೆವು.

ಹಾಗಾದರೆ ಹಳೆಯದರ ಬಳಕೆಯ ವಾದ? ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್. ಲೀಟರಿಗೆ 8 ಕಿ.ಮೀ. ಓಡುವ ವಾಹನ ವರ್ಷಕ್ಕೆ 10,000 ಕಿ.ಮೀ. ಓಡಿದರೆ ಮೂರು ಟನ್ನಿಗೂ ಮೇಲಾಯಿತು, 16 ಕಿ.ಮೀ. ಕೊಡುವ ಸಣ್ಣ ಕಾರಿಗೆ ಅದರರ್ಧ. ಹೊಸ ಸಣ್ಣ ಕಾರಿನ ತಯಾರಿಕೆಯಲ್ಲಿ ಹೊಮ್ಮುವ ಐದಾರು ಟನ್ನಿನ ಉಳಿತಾಯ ನಾಲ್ಕು ವರ್ಷದೊಳಗೆ ಕರಗಿಹೋಗುತ್ತದೆ. ಹಳೆಯ ಸಣ್ಣ ಕಾರನ್ನೋ ಜೀಪನ್ನೋ ಕೊಂಡವರಿಗೆ ನಮ್ಮ ತಕರಾರಿಲ್ಲ.

ಟೊಯೊಟಾದ ಲ್ಯಾಂಡ್ ಕ್ರೂಸರ್ ಹಾಗಲ್ಲ, ಕೆಡುವುದೇ ಇಲ್ಲ ಎನ್ನುವವರಿದ್ದಾರೆ. ಆಫ್ರಿಕ, ಆಸ್ಟ್ರೇಲಿಯಗಳ ಒರಟು ನೆಲದಲ್ಲಿ ಅದು ಗಳಿಸಿದ ಹೆಸರು ಸುಳ್ಳಲ್ಲ. ಆದರೆ ಅದಕ್ಕೆ ಹಳೆಯದಾದರೂ ಬೆಲೆ ಇಳಿಯದು. ಅಗ್ಗಕ್ಕೆ ಸಿಕ್ಕಿದರೆ ಕಾಗದಪತ್ರವನ್ನು ಇನ್ನೊಮ್ಮೆ ನೋಡುವುದು ಲೇಸು.

ಕೊಳ್ಳಲೇಬೇಕೆಂದಿರುವವರು ಸಂಜೆ ನಿಲ್ಲಿಸಿದ ವಾಹನದ ಎತ್ತರವನ್ನು ನಾಲ್ಕೂ ಚಕ್ರಗಳ ಬಳಿ ಅಳೆದು ಬೆಳಗ್ಗೆ ಮತ್ತೆ ಅಳೆಯಲಿ. ನೆಲಹಾಸನ್ನೆತ್ತಿ ತೇವ ನೋಡಲಿ. ಶೋಧಕವಿದ್ದ ಮಾದರಿಯಾದರೆ ಅದು ಇದ್ದಲ್ಲೇ ಇದೆಯೇ ಎಂದು ಕೆಳಗೆ ಬಗ್ಗಿ ನೋಡಲಿ. ಮೇಷ್ಟ್ರ ವಾಹನ ರಿಪೇರಿಯಾಗಿ ದೀಪಾವಳಿಗೆ ಮನೆಗೆ ಬಂದಿತು. ಅದಕ್ಕೀಗ ತಗಡಿನ ಮಾಡು ಕಟ್ಟಿಸಿದ್ದಾರೆ. ಮಳೆಗಾಲದಲ್ಲಿ ಅವರು ನಮ್ಮ ಸಭೆಗೆ ಬರುವುದು ನೆರೆಮನೆಯವರ ಜೀಪಿನಲ್ಲಿ.